ಹೊಲಿಗೆ ಮಿಷನ್ ಮೇಲಿನ ಟಿ.ವಿ. ಕೆಳಗಿಳಿಸಿ

ಆ ಫೋಟೊ ತೆಗೆದವರು ನಾವೇ. ಶಾಮಿಯಾನದ ಕೆಳಗೆ ಹೊಲಿಗೆ ಮಿಷನ್‌ಗಳು ಸಾಲಾಗಿ ನಿಂತಿದ್ದವು. ಪ್ರತಿ ಮಿಷನ್ನಿಗೂ ಒಂದು ಸೇವಂತಿಗೆ ಮಾಲೆ. ಹಿಂದೆ ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಕ್ಕಳು, ಮುಂದೆ ಗಣ್ಯರು. ಗಣ್ಯರೊಬ್ಬರು ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ಕ್ಯಾಮೆರಾ ನೋಡಿ ನಕ್ಕರು. ಚಕ್ರ ಯಾವ ಕಡೆ ತಿರುಗಬೇಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮರುದಿನ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಬಂತು. ‘ಮಹಿಳೆಯರ ಸ್ವಾವಲಂಬನೆಗೆ ಹೊಲಿಗೆ ಯಂತ್ರ ವಿತರಣೆ.’ ಇಂಥ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇವೋ ನೆನಪಿಲ್ಲ. ಊರ ಹೆಸರು, ತಾರೀಖು ಬದಲಾಯಿಸಿದರೆ ಸುದ್ದಿ ತಯಾರು.

ಹೋದ ತಿಂಗಳು ನೀರಿನ ಪೈಪ್ ಒಡೆದ ಸುದ್ದಿಗೆಂದು ಅದೇ ಊರಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಟಿ.ವಿ. ನಡೆದಿತ್ತು. ಟಿ.ವಿ. ಕೆಳಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಕೆಳಗೆ ಕಬ್ಬಿಣದ ಪ್ಯಾಡಲ್ ಇಣುಕುತ್ತಿತ್ತು.

‘ಇದು ಅವತ್ತು ಕೊಟ್ಟಿದ್ದಲ್ಲೇನ್ರೀ ಅಕ್ಕಾರ?’

‘ಹೌದ್ರಿ. ನಿಮ್ಮ ಪೇಪರ್‌ನ್ಯಾಗ ನನ್ನ ಫೋಟೋನೂ ಬಂದಿತ್ತು’ ಅಂತ ನಕ್ಕರು.

ಪಕ್ಕದ ಓಣಿಯಲ್ಲಿ ಇನ್ನೊಂದು ಮಿಷನ್ ಮೇಲೆ ಜೋಳದ ಚೀಲ. ಮತ್ತೊಂದು, ನಾದಿನಿಯ ಮದುವೆಯಲ್ಲಿ ಬಳುವಳಿಯಾಗಿ ಬೇರೆ ಊರಿಗೇ ಹೋಗಿದೆ. ಯಾಕ್ರೀ ಹೊಲಿಯೋದಿಲ್ಲ ಅಂತ ಕೇಳಿದೆವು. ‘ಯಾರಿಗೆ ಹೊಲಿಯೂದ್ರಿ? ಈ ಓಣ್ಯಾಗ ನಾವು ಎಂಟು ಮಂದಿ ಕಲ್ತೀವಿ. ಎಂಟೂ ಮಂದಿ ಬ್ಲೌಸೇ ಕಲ್ತೀವಿ. ಎಲ್ಲಾರೂ ಗಿರಾಕಿ ಬರಲಿ ಅಂತ ಕುಂತ್ರ ಗಿರಾಕಿ ಆಗವ್ರು ಯಾರು?’

‘ನಿಮ್ಮ ಬ್ಲೌಸ್ ಯಾರು ಹೊಲೀತಾರ್ರಿ?’

ತಾಲ್ಲೂಕು ಪೇಟೆಯ ಟೇಲರ್. ಲೈನಿಂಗ್ ಹಾಕಿದರೆ 300 ರೂಪಾಯಿ. ಹಬ್ಬ ಬಂತೆಂದರೆ ಹದಿನೈದು ದಿನ ಮೊದಲೇ ಕೊಡಬೇಕು. ಬಸ್ ಚಾರ್ಜು ಬೇರೆ.

ನಮ್ಮ ಜಗಳ ಇಲ್ಲಿಂದ ಶುರು. ಮೂರು ತಿಂಗಳು ತರಬೇತಿ ಪಡೆದು, ಸರ್ಟಿಫಿಕೇಟ್ ತಗೊಂಡು, ಮನೆಯಲ್ಲಿ ಹೊಸ ಮಿಷನ್ ಇಟ್ಟುಕೊಂಡ ಹೆಣ್ಣುಮಗಳು ತನ್ನ ಕುಬಸ ಹೊಲಿಸಲು ಪೇಟೆಗೆ ಹೋಗುತ್ತಾಳೆ ಅಂದರೆ ತಪ್ಪು ಆಕೆಯದಲ್ಲ. ಆಕೆಗೆ ಹೊಲಿಗೆ ಕಲಿಸಿದ ರೀತಿಯದು. ಹೊಲಿಗೆ ಅಂದರೆ ಉದ್ಯೋಗ, ಮಿಷನ್ ಅಂದರೆ ಅಂಗಡಿ, ಬಟ್ಟೆ ಅಂದರೆ ಗಿರಾಕಿಯ ಬಟ್ಟೆ ಎಂದೇ ಕಲಿಸಿದರು. ಗಿರಾಕಿ ಬರಲಿಲ್ಲ, ಉದ್ಯೋಗ ನಡೆಯಲಿಲ್ಲ, ಮಿಷನ್ ಮೇಲೆ ಟಿ.ವಿ. ಬಂತು. ನಡುವೆ ಮನೆ ಅಂತ ಒಂದಿದೆ, ಆ ಮನೆಯಲ್ಲಿ ದಿನಾ ಏನಾದರೊಂದು ಹರಿಯುತ್ತದೆ, ಮಕ್ಕಳು ಬೆಳೆಯುತ್ತವೆ, ಚಳಿ ಬರುತ್ತದೆ ಅನ್ನುವುದು ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ.

ದರ್ಜಿ ಕೆಲಸವನ್ನೇ ಕಸುಬು ಮಾಡಿಕೊಂಡವರಿಗೆ ಸರ್ಕಾರ ಕೊಡುವುದನ್ನು ನಾವು ಬೇಡ ಅನ್ನುತ್ತಿಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯೂ ಇದ್ದಾರೆ, ಸಲಕರಣೆಗೆ 15,000 ರೂಪಾಯಿವರೆಗೆ ವೋಚರ್ ಇದೆ. ಕೊಡಲಿ. ಅದು ಅವರ ಅನ್ನ. ಆದರೆ ಊರಿನ ಎಲ್ಲ ಹೆಣ್ಣುಮಕ್ಕಳನ್ನೂ ದರ್ಜಿ ಮಾಡುತ್ತೇವೆ ಅನ್ನುವ ಭಾಷಣ ಇದೆಯಲ್ಲ, ಅದನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ.

ಹೊಲಿಗೆ ಕಲಿತವರು ಗಾರ್ಮೆಂಟ್ಸ್‌ಗೆ ಹೋಗಬಹುದಲ್ಲ ಅನ್ನುತ್ತಾರೆ. ಹೋಗಿದ್ದಾರೆ, ನಮ್ಮೂರಿನವರೇ ಬೆಂಗಳೂರಿನಲ್ಲಿ ಇದ್ದಾರೆ. ಜಾತ್ರೆಗೆ ಬಂದಾಗ ಒಬ್ಬಾಕೆಯನ್ನು ಮಾತನಾಡಿಸಿದೆವು. ಏಳು ವರ್ಷದಿಂದ ಅಂಗಿಯ ಕಾಲರ್ ಮಾತ್ರ ಹೊಲಿಯುತ್ತಾಳೆ. ಆಕೆಯ ಪಕ್ಕದವಳು ಕಿಸೆ, ಅದರಾಚೆಯವಳು ತೋಳು. ಗಂಟೆಗೆ ಇಷ್ಟು ಅಂತ ಟಾರ್ಗೆಟ್. ‘ಒಂದು ಪೂರಾ ಅಂಗಿ ಹೊಲೀರಿ ಅಂದ್ರ ನಂಗ ಬರೂದಿಲ್ರಿ’ ಅಂದಳು. ಸಾವಿರಾರು ಅಂಗಿಗಳಿಗೆ ಕೈ ಹಚ್ಚಿದ ಆಕೆ ತಮ್ಮನಿಗೆ ಒಂದು ಅಂಗಿ ಹೊಲಿದುಕೊಡಲಾರಳು.

ಮೊದಲು ಹೀಗಿರಲಿಲ್ಲ. ನಮ್ಮದು ಬಾಗಲಕೋಟೆ ಜಿಲ್ಲೆ. ಉಡಲು ಇಳಕಲ್ಲಿನ ಸೀರೆ, ಕುಬಸಕ್ಕೆ ಗುಳೇದಗುಡ್ಡದ ಖಣ. ಅಂಗಡಿಯವನು ಖಣ ಅಳೆದು ಮಡಿಸಿ ಕೊಟ್ಟರೆ, ಮುಂದಿನದೆಲ್ಲ ಮನೆಯದೇ ಕೆಲಸ. ಕುಬಸ ಹೊಲಿದು ಉಳಿದ ತುಂಡಿನಲ್ಲಿ ಕೂಸಿಗೆ ಕುಲಾಯಿ. ಇನ್ನೂ ಸ್ವಲ್ಪ ಇದ್ದರೆ ಬೆನ್ನಿನ ತನಕ ಇಳಿಯುವ ಕುಂಚಿಗೆ. ಅದರಲ್ಲೂ ಉಳಿದರೆ ಎಲೆ ಅಡಿಕೆಯ ಸಂಚಿ: ಸುಣ್ಣಕ್ಕೊಂದು ಕಿಸೆ, ಅಡಿಕೆಗೊಂದು, ಚಿಲ್ಲರೆ ದುಡ್ಡಿಗೆ ಯಾರಿಗೂ ಕಾಣದ ಒಳಕಿಸೆ ಮತ್ತೊಂದು. ಆ ಒಳಕಿಸೆ ಎಲ್ಲಿದೆ ಅನ್ನುವುದು ಹೊಲಿದ ಕೈಗೆ ಮಾತ್ರ ಗೊತ್ತು. ಇವನ್ನು ಹೊಲಿದವರು ಯಾರೂ ತಾವು ಟೇಲರ್ ಅಂದುಕೊಂಡಿರಲಿಲ್ಲ. ರೊಟ್ಟಿ ಬಡಿಯುವವರು ಯಾರೂ ತಾವು ಹೋಟೆಲ್‌ನವರು ಅಂದುಕೊಳ್ಳುವುದಿಲ್ಲವಲ್ಲ, ಹಾಗೆ.

ಇನ್ನು ಕೌದಿ. ಇದರ ಬಗ್ಗೆ ಬರೆಯಲು ಕೂತರೆ ನಮಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು.

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಬ್ಯಾಸಿಗೆಯಲ್ಲಿ ಕೌದಿ ಹಾಕುತ್ತಿದ್ದರು. ಹೊಲದ ಕೆಲಸ ಇಲ್ಲದ ದಿನಗಳು. ಪಡಸಾಲೆಯಲ್ಲಿ ಒಂದು ಇಡೀ ಹಳೇ ಸೀರೆ ಹಾಸುವುದು. ಅದರ ಮೇಲೆ ಅಜ್ಜನ ಹರಿದ ಧೋತರ, ಸವೆದ ಸೀರೆ, ಯಾವುದಕ್ಕೂ ಬಾರದ ಅರಿವೆಗಳನ್ನು ಸುಕ್ಕಿಲ್ಲದಂತೆ ಹರಡುವುದು. ಎಲ್ಲಕ್ಕಿಂತ ಮೇಲೆ ಬಣ್ಣಬಣ್ಣದ ತುಂಡುಗಳು. ಅಂಚು ಮಡಿಸಿ, ದೊಡ್ಡ ದೊಡ್ಡ ಟಾಕು ಹಾಕಿ ಅಲುಗದಂತೆ ಹಿಡಿಸಿ, ಆಮೇಲೆ ದಪ್ಪ ಸೂಜಿಯಲ್ಲಿ ಹೊಲಿಗೆ ಶುರು. ಅಂಚಿನಿಂದ ಒಳಗೆ, ಸಾಲಿನ ಪಕ್ಕ ಸಾಲು, ನೇಗಿಲು ಹೊಡೆದ ಹೊಲದ ಹಾಗೆ. ಓಣಿಯ ಇಬ್ಬರು ಮೂವರು ಬಂದು ಒಂದೊಂದು ಬದಿ ಹಿಡಿದು ಕೂರುತ್ತಿದ್ದರು. ಯಾರ ಮಗಳ ಬಾಣಂತನ, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಅಲ್ಲೇ ಇತ್ಯರ್ಥ. ಮುಗಿಸುವಾಗ ಒಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಬಾಯಿ ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ಬರಿದು ಇರಬಾರದಂತೆ.

ಮನೆಯಲ್ಲಿ ಹೊಲಿಯಲು ಆಗದವರಿಗೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಬರುತ್ತಿದ್ದರು. ಗೊಂದಲಿಗರ ಹೆಣ್ಣುಮಕ್ಕಳು ಹೆಚ್ಚು. ಗುಡಿಯ ಕಟ್ಟೆಯ ಮೇಲೆ ಕೂತು ಹೊಲಿಯುವರು, ಜೋಳ ಮತ್ತು ದುಡ್ಡು ಕೂಲಿ. ಈಗ ಅವರೂ ಬರುವುದು ಅಪರೂಪ.

ಆಯಿ ತೀರಿಕೊಂಡ ಮೇಲೆ ಅವರ ಟ್ರಂಕು ನಮ್ಮ ಮನೆಗೆ ಬಂತು. ತುಂಬ ನೂಲಿನ ಸೀರೆಗಳು, ಒಗೆದು ಒಗೆದು ಬೆಣ್ಣೆಯಂತೆ ಆದವು. ಮುಂದಿನ ಕೌದಿಗೆಂದು ಎತ್ತಿಟ್ಟದ್ದು. ಒಂದು ಮಧ್ಯಾಹ್ನ ಅವ್ವ ಮನೆಯಲ್ಲಿ ಇರಲಿಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರು. ಜಾಗ ಹಿಡಿದಿದೆ ಅಂತ ನಾವೇ ಟ್ರಂಕು ಖಾಲಿ ಮಾಡಿದೆವು. ಬದಲಿಗೆ ಒಂದು ಕೊಡ, ಎರಡು ಡಬ್ಬಿ. ಚೌಕಾಸಿ ಮಾಡಿ ಒಂದು ಚಮಚೆಯನ್ನೂ ಹೆಚ್ಚಿಗೆ ಇಸಕೊಂಡೆವು, ಏನೋ ಗೆದ್ದವರ ಹಾಗೆ.

ಅವ್ವ ಬಂದು ಟ್ರಂಕು ತೆಗೆದು ನೋಡಿದರು. ಬೈಯಲಿಲ್ಲ. ಅವತ್ತು ರಾತ್ರಿ ಊಟವನ್ನೂ ಮಾಡಲಿಲ್ಲ.

ಎರಡು ವರ್ಷಕ್ಕೆ ಮನೆಯಲ್ಲಿ ಕೂಸು ಹುಟ್ಟಿತು. ಕೂಸಿನ ಕೆಳಗೆ ಹಾಸಲು ಮೆತ್ತನೆಯ ಹಳೇ ಅರಿವೆ ಬೇಕಲ್ಲ? ಇಡೀ ಮನೆಯಲ್ಲಿ ಒಂದು ನೂಲಿನ ಸೀರೆ ಇರಲಿಲ್ಲ. ಇದ್ದವೆಲ್ಲ ಪಾಲಿಯೆಸ್ಟರ್. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಸೆಕೆಗೆ ಮೈಗೆ ಅಂಟುತ್ತದೆ, ಸೂಜಿಯ ಕೆಳಗೆ ಜಾರುತ್ತದೆ. ಕೊನೆಗೆ ಪೇಟೆಯಿಂದ ಕೂಸಿನ ಹಾಸಿಗೆ ಅಂತ ಮಾರುವ ಒಂದು ವಸ್ತು ತಂದೆವು. ಅದರ ಒಳಗೂ ಪಾಲಿಯೆಸ್ಟರೇ. ಕೂಸಿನ ಬೆನ್ನಿಗೆ ಬೆವರುಸಾಲೆ ಎದ್ದಾಗ ನಮಗೆ ಆ ಸ್ಟೀಲ್ ಕೊಡ ಕಣ್ಣಿಗೆ ಚುಚ್ಚಿತು. ಕೊಡ ಇನ್ನೂ ಇದೆ, ಗಟ್ಟಿಮುಟ್ಟಾಗಿಯೇ ಇದೆ.

ಈಗ ನಿಮ್ಮ ತಕರಾರುಗಳಿಗೆ ಬರೋಣ. ಈ ವಿಷಯ ಎತ್ತಿದಾಗ ಚಹಾದಂಗಡಿಯಲ್ಲಿ ನಮಗೆ ಎದುರಾದವೇ ಇವು.

ಮೊದಲನೆಯದು: ರೆಡಿಮೇಡ್ ಅಗ್ಗ, ಹೊಲಿಯುವುದು ತುಟ್ಟಿ. ನಿಜ. ಸಂತೆಯಲ್ಲಿ ಹುಡುಗಿಯ ಫ್ರಾಕ್ ಸಿಗುವ ದುಡ್ಡಿಗೆ ಕೆಲವು ಸಲ ಅದರ ಬಟ್ಟೆಯೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಮನೆಯಲ್ಲೇ ಎಲ್ಲ ಹೊಲಿದುಕೊಳ್ಳಿ, ದುಡ್ಡು ಉಳಿಯುತ್ತದೆ ಅನ್ನುವವರು ನಿಮಗೆ ಸುಳ್ಳು ಹೇಳುತ್ತಿದ್ದಾರೆ. ಹೊಸ ಅಂಗಿಯಲ್ಲಿ ದುಡ್ಡು ಉಳಿಯುವುದು ಕಡಿಮೆ. ಹಳೇ ಅಂಗಿಯಲ್ಲಿ ಉಳಿಯುತ್ತದೆ. ಆ ಅಗ್ಗದ ಫ್ರಾಕಿನ ಕಂಕುಳು ಮೂರನೇ ಒಗೆತಕ್ಕೆ ಬಿಚ್ಚುತ್ತದೆ, ಯಾಕೆಂದರೆ ಒಳಗೆ ಹೊಲಿಗೆಗೆ ಅಂಚೇ ಬಿಟ್ಟಿರುವುದಿಲ್ಲ. ಬಿಚ್ಚಿದ್ದನ್ನು ಪೇಟೆಯ ಟೇಲರ್ ಮುಟ್ಟುವುದಿಲ್ಲ, ಹೊಸದಾಗಿದ್ದರೆ ಕೊಡಿ ಅನ್ನುತ್ತಾರೆ. ಆಗ ಅದು ನೆಲ ಒರೆಸುವ ಅರಿವೆಯಾಗುತ್ತದೆ, ಮತ್ತೊಂದು ಫ್ರಾಕ್ ಬರುತ್ತದೆ. ಮನೆಯಲ್ಲಿ ಐದು ನಿಮಿಷ ಮಿಷನ್ ಓಡಿಸಿದ್ದರೆ ಅದೇ ಫ್ರಾಕ್ ಇನ್ನೊಂದು ವರ್ಷ ಬರುತ್ತಿತ್ತು, ತಂಗಿಗೂ ಆಗುತ್ತಿತ್ತು. ಜಿಪ್ ಹೋದ ಪ್ಯಾಂಟು, ದಾರ ಕಿತ್ತ ಶಾಲೆಯ ಬ್ಯಾಗು, ಹರಿದ ತಲೆದಿಂಬು, ಅಗಲವಾದ ಲಂಗ, ಉದ್ದವಾದ ನೈಟಿ, ಟ್ರ್ಯಾಕ್ಟರ್ ಸೀಟಿನ ಕವರು. ಪಟ್ಟಿ ಮಾಡಿ ನೋಡಿ, ನಿಮ್ಮ ಮನೆಯಲ್ಲಿ ಇವತ್ತೇ ಎಷ್ಟಿವೆ.

ಶಾಲೆಯ ಸಮವಸ್ತ್ರದ್ದೇ ನೋಡಿ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬಟ್ಟೆ ಬಿಟ್ಟಿ ಬರುತ್ತದೆ. ನಮ್ಮ ಕಡೆ ಬಟ್ಟೆಯ ತುಂಡೇ ಕೈಗೆ ಬರುತ್ತದೆ, ಹೊಲಿಸುವ ದುಡ್ಡು ಪಾಲಕರದು. ಮೂರು ಮಕ್ಕಳಿದ್ದ ಕೂಲಿ ಮನೆಯೊಂದರಲ್ಲಿ ಬಟ್ಟೆ ಬಂದು ಎರಡು ತಿಂಗಳಾದರೂ ಗೂಟಕ್ಕೆ ತೂಗುಹಾಕಿದ್ದ ಚೀಲದಲ್ಲೇ ಇದ್ದದ್ದನ್ನು ನಾವು ನೋಡಿದ್ದೇವೆ. ಅದೇ ಓಣಿಯಲ್ಲಿ ಎಂಟು ಮಿಷನ್‌ಗಳು ಟಿ.ವಿ. ಹೊತ್ತು ನಿಂತಿವೆ. ಯಾರೂ ಕೆಟ್ಟವರಲ್ಲ. ಚಡ್ಡಿ, ಅಂಗಿ, ಸ್ಕರ್ಟು ಹೊಲಿಯುವುದನ್ನು ಅವರಿಗೆ ಯಾರೂ ಕಲಿಸಲೇ ಇಲ್ಲ. ಬ್ಲೌಸಿನ ಬೆನ್ನಿಗೆ ಏಳು ನಮೂನೆಯ ಡಿಸೈನ್ ಕಲಿಸಿದರು.

ಎರಡನೆಯ ತಕರಾರು: ಚಳಿಗೆ ರಗ್ಗು ಇದೆಯಲ್ಲ, ಕೌದಿ ಯಾಕೆ? ಪಾಣಿಪತ್ ಕಡೆಯಿಂದ ಬರುವ ಮಿಂಕ್ ರಗ್ಗುಗಳನ್ನು ಲಾರಿಯಲ್ಲಿ ತಂದು ಜಾತ್ರೆಯಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. ಹುಲಿಯ ಚಿತ್ರ, ಗುಲಾಬಿಯ ಚಿತ್ರ. ಹೊದ್ದರೆ ಬೆಚ್ಚಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಅಂಥ ಚಳಿ ವರ್ಷದಲ್ಲಿ ಎಷ್ಟು ದಿನ? ಉಳಿದ ದಿನ ಬೇಕಾದದ್ದು ಕೆಳಗೆ ಹಾಸಲು, ಸೆಕೆಯಲ್ಲಿ ಬೆವರು ಹೀರಲು. ಅದಕ್ಕೆ ನೂಲಿನ ಕೌದಿಯೇ ಆಗಬೇಕು. ಹರಿದರೆ ಅದರ ಮೇಲೆಯೇ ಇನ್ನೊಂದು ಪದರ ಹಾಕಿ ಹೊಲಿಯಬಹುದು. ಹರಿದ ರಗ್ಗನ್ನು ಏನು ಮಾಡುತ್ತೀರಿ? ತಿಪ್ಪೆಯಲ್ಲಿ ಹುಲಿಯ ಮುಖ ಮೇಲೆ ಮಾಡಿ ಬಿದ್ದಿರುತ್ತದೆ, ಕರಗುವುದೂ ಇಲ್ಲ.

ತಮಾಷೆ ಏನೆಂದರೆ ನಾವು ಬಿಟ್ಟದ್ದನ್ನು ಪೇಟೆಯವರು ಹಿಡಿದಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಹೋದವು. ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವುಗಳ ಮೇಲೆ ಬರೆದಿದ್ದಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ತ್ರಿಕೋನ ಕೂರಿಸುತ್ತಾರೆ ಅವರು, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತ ಲೆಕ್ಕ. ದೊಡ್ಡ ಊರಿನ ಅಂಗಡಿಗಳಲ್ಲಿ ಈಗ ಕೌದಿಯನ್ನು ಗೋಡೆಗೆ ತೂಗುಹಾಕಿ ಸಾವಿರಗಟ್ಟಲೆ ರೂಪಾಯಿಗೆ ಮಾರುತ್ತಾರೆ. ಮಾರಲಿ, ಹೊಲಿದವರಿಗೆ ಅದರ ಪಾಲು ಬರಲಿ. ಆದರೆ ಒಂದು ಕೌದಿಗೆ ಎಷ್ಟು ದಿನ ಬೆನ್ನು ಬಗ್ಗಿಸಬೇಕು ಅನ್ನುವುದು ಗೊತ್ತಿದ್ದವರು ಮಾತ್ರ ಅದರ ಬೆಲೆ ಕೇಳಬಲ್ಲರು. ಹೊಲಿಯುವುದನ್ನೇ ಮರೆತ ಊರು, ‘ಹಳೇ ಅರಿವೆ ತಾನೇ’ ಅಂತ ಬಂದ ಬೆಲೆಗೆ ಕೊಟ್ಟುಬಿಡುತ್ತದೆ. ನಾವು ಟ್ರಂಕು ಖಾಲಿ ಮಾಡಿದ ಹಾಗೆ.

ಮೂರನೆಯ ತಕರಾರು ಎಲ್ಲಕ್ಕಿಂತ ಗಟ್ಟಿ. ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳತಿಯೊಬ್ಬರು ಫೋನಿನಲ್ಲೇ ಝಾಡಿಸಿದರು. ‘ಹೊಲದ ಕೆಲಸ, ಅಡುಗೆ, ದನ, ಮಕ್ಕಳು, ಸಂಘದ ಮೀಟಿಂಗ್. ಇದರ ಮೇಲೆ ಈಗ ಹೊಲಿಗೆನೂ ಹೆಂಗಸರೇ ಮಾಡ್ಬೇಕಾ? ನೀವು ಗಂಡಸರು ಕುಂತು ಲೇಖನ ಬರೀತೀರಿ.’

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಯಿಯ ಕೌದಿಯನ್ನು ಹೊಗಳುವಾಗ ಆಯಿಯ ಬೆನ್ನುನೋವನ್ನು ಬಿಟ್ಟೇ ಹೊಗಳುತ್ತಿದ್ದೆವು. ಆಕೆ ಬ್ಯಾಸಿಗೆಯಲ್ಲಿ ಹೊಲಿಯುತ್ತಿದ್ದದ್ದು ಹೊಲದಲ್ಲಿ ಕೆಲಸ ಇಲ್ಲದಾಗ. ಅಂದರೆ ಆಕೆಗೆ ಬಿಡುವು ಅಂತ ಒಂದು ಇರಲೇ ಇಲ್ಲ. ಗೆಳತಿ ಹೇಳಿದ್ದು ಸರಿ. ಹಾಗಾದರೆ ಹೊಲಿಗೆ ಬಿಡಬೇಕೋ, ಗಂಡಸರು ಕಲಿಯಬೇಕೋ?

ಸೂಜಿ ಹೆಂಗಸರದು ಅಂತ ಯಾರು ಬರೆದುಕೊಟ್ಟಿದ್ದಾರೆ? 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಹೆಸರಿನಲ್ಲೇ ಸೂಜಿ. ನಮ್ಮೂರ ಟೇಲರ್‌ಗಳೆಲ್ಲ ತಲೆತಲಾಂತರದಿಂದ ಗಂಡಸರೇ. ಕೂಲಿ ಸಿಗುವಾಗ ಗಂಡಸಿನ ಕೆಲಸ, ಮನೆಗೆ ಬಿಟ್ಟಿ ಮಾಡುವಾಗ ಹೆಂಗಸಿನ ಕೆಲಸ ಅನ್ನುವುದು ಯಾವ ನ್ಯಾಯ? ದೊಡ್ಡ ಯಂತ್ರಗಳನ್ನು ಅಷ್ಟು ವಿರೋಧಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಆ ಯಂತ್ರ ಮಾಡಿದ ಎಂದು ಅವರು ಹೇಳಿದ್ದರು. ಹೆಂಡತಿ ಬಳಲುವುದನ್ನು ನೋಡುತ್ತಾ ಕೂತ ನಮ್ಮಂಥವರು ಇದನ್ನು ಓದಬೇಕು.

ಹಾಗಾಗಿ ನಮ್ಮ ಕೇಳಿಕೆಗಳು. ತರಬೇತಿ ಕೊಡುವವರು ಮೊದಲ ತಿಂಗಳು ಬ್ಲೌಸ್ ಮುಟ್ಟಬಾರದು. ಹರಿದದ್ದು ಹೊಲಿಯುವುದು, ಜಿಪ್ ಹಾಕುವುದು, ಮಕ್ಕಳ ಚಡ್ಡಿ ಅಂಗಿ, ಲಂಗ, ಚೀಲ. ಆಮೇಲೆ ಬೇಕಾದವರು ಉದ್ಯೋಗದ ಕಡೆ ಹೋಗಲಿ. ತರಬೇತಿಗೆ ಹುಡುಗರನ್ನೂ ಸೇರಿಸಿಕೊಳ್ಳಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಪಕ್ಕದಲ್ಲಿ ಒಂದು ಹೊಲಿಗೆ ಮಿಷನ್ ಇಟ್ಟರೆ ಯಾರ ಗಂಟು ಹೋಗುತ್ತದೆ? ಮಿಷನ್ ಇಲ್ಲದ ಮನೆಯವರು ಅಲ್ಲಿ ಬಂದು ಸಮವಸ್ತ್ರ ಹೊಲಿದುಕೊಂಡು ಹೋಗುತ್ತಾರೆ. ಮತ್ತು ವಿತರಣೆಗೆ ಬರುವ ಗಣ್ಯರು ಜೊತೆಗೆ ಒಬ್ಬ ರಿಪೇರಿಯವರನ್ನೂ ಕರೆತರಲಿ. ನಾವು ನೋಡಿದ ಮಿಷನ್‌ಗಳಲ್ಲಿ ಕೆಲವಕ್ಕೆ ಬೆಲ್ಟ್ ಹರಿದದ್ದೇ ರೋಗ. ಒಂದರಲ್ಲಿ ಸೂಜಿ ಉಲ್ಟಾ ಹಾಕಿದ್ದರು, ದಾರ ತುಂಡಾಗುತ್ತಿತ್ತು, ಮಿಷನ್ ಕೆಟ್ಟಿದೆ ಅಂತ ಮೂಲೆಗೆ ತಳ್ಳಿದ್ದರು.

ನಿಮಗೂ ಒಂದು ಮಾತು. ಪಾತ್ರೆಯವರು ಬಂದರೆ ನೂಲಿನ ಸೀರೆ, ಧೋತರ, ಲುಂಗಿ ಕೊಡಬೇಡಿ. ಪಾಲಿಯೆಸ್ಟರ್ ಬೇಕಾದರೆ ಕೊಡಿ. ನೂಲೋ ಅಲ್ಲವೋ ಗೊತ್ತಾಗದಿದ್ದರೆ ಒಂದೆಳೆ ಕಿತ್ತು ಕಡ್ಡಿ ಗೀರಿ ಹಚ್ಚಿ. ನೂಲು ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ. ಮೊದಲು ದೊಡ್ಡ ಕೌದಿಗೆ ಕೈ ಹಾಕಬೇಡಿ. ಕೂಸಿನ ಅಳತೆಯದು ಹಾಕಿ, ಎರಡು ಸೀರೆ ಸಾಕು.

ನಮ್ಮ ಮನೆಯಲ್ಲಿ ಹೋದ ವಾರ ಮಿಷನ್ ಮೇಲಿನ ಟಿ.ವಿ. ಕೆಳಗಿಳಿಯಿತು. ಹೌದು, ನಮ್ಮ ಮನೆಯಲ್ಲೂ ಇತ್ತು, ಇಷ್ಟೊತ್ತು ಹೇಳಿರಲಿಲ್ಲ. ಬೆಲ್ಟ್ ಹೊಸದು ಹಾಕಿ, ಎಣ್ಣೆ ಬಿಟ್ಟು, ಅವ್ವ ನಮ್ಮನ್ನು ಎದುರಿಗೆ ಕೂರಿಸಿದರು. ಮೊದಲ ಪಾಠ ದಾರ ಇಲ್ಲದೆ ಬರೀ ಕಾಗದದ ಮೇಲೆ ಹೊಲಿಯುವುದು. ಪ್ಯಾಡಲ್ ತುಳಿದರೆ ಚಕ್ರ ಹಿಂದಕ್ಕೆ ಹೋಗುತ್ತದೆ. ಮತ್ತೆ ತುಳಿದರೆ ಮತ್ತೆ ಹಿಂದಕ್ಕೆ. ‘ನಿನ್ನ ಕಡೆ ತಿರುಗಬೇಕೋ, ನಿನ್ನ ಕಡೆ’ ಅಂತ ಅವ್ವ ಕೈ ಹಿಡಿದು ಚಕ್ರ ತಿರುಗಿಸಿದರು. ನಾಲ್ಕನೇ ದಿನ ದಾರ ಹಾಕಿ ಒಂದು ತಲೆದಿಂಬಿನ ಕವರ್ ಹೊಲಿದೆವು, ಉತ್ಸಾಹದಲ್ಲಿ ನಾಲ್ಕೂ ಬದಿ ಹೊಲಿದುಬಿಟ್ಟೆವು. ಈಗ ಒಂದು ಬದಿ ಬಿಚ್ಚುತ್ತಾ ಕೂತಿದ್ದೇವೆ.